ಹೂಜಿ ಗಿಡಕ್ಕೆ ಯಾರ ಹೆಸರು

ನೀರಿನ ಬಿಲ್ಲು ಬರೆಯುವ ಗುಮಾಸ್ತನ ಬಾಲ್ಕನಿಯಲ್ಲಿ ವರ್ಷಗಟ್ಟಲೆ ಹೂಜಿಯಂಥ ಎಲೆಗಳಲ್ಲಿ ನೊಣ ಹಿಡಿದು ತಿಂದುಕೊಂಡು ಸುಮ್ಮನಿದ್ದ ಹೂಜಿ ಗಿಡ ಆ ಬೆಳಗ್ಗೆ ಹೂ ಬಿಟ್ಟಿತು. ಅದೂ ಹೆಣ್ಣು ಹೂ. ಈ ಗಿಡಗಳಲ್ಲಿ ಗಂಡೇ ಬೇರೆ, ಹೆಣ್ಣೇ ಬೇರೆ. ಹೂ ಬಿಡುವವರೆಗೆ ಯಾವುದು ಯಾವುದೆಂದು ಯಾರಿಗೂ ತಿಳಿಯದು. ಬೇರೆ ಜಾತಿಯ ಗಂಡು ಹೂವಿನ ಪರಾಗ ತಂದು ಸವರಿದರೆ ಲೋಕದಲ್ಲೇ ಇಲ್ಲದ ಮಿಶ್ರತಳಿ ಹುಟ್ಟುತ್ತದೆ, ಹುಟ್ಟಿಸಿದವನು ಅದಕ್ಕೆ ತನ್ನ ಹೆಸರಿಡಬಹುದು ಎಂಬುದು ಗುಮಾಸ್ತನ ಲೆಕ್ಕ.

ಹೆಸರಿನ ವಿಷಯದಲ್ಲಿ ಅವನಿಗೆ ಹಳೆಯ ಸಂಕಟವಿತ್ತು. ಅವನದು ಯಾರ ನಾಲಗೆಯ ಮೇಲೂ ನಿಲ್ಲದ ಹೆಸರು. ಆಫೀಸಿನಲ್ಲಿ ಅವನು 'ಮೂಲೆ ಟೇಬಲ್ಲಿನವರು', ಬೀದಿಯಲ್ಲಿ 'ಮೇಲ್ಮನೆಯವರು', ಮನೆಯಲ್ಲಿ ಬರೀ 'ರೀ'. ಸ್ವಂತ ಭಾವಮೈದುನನೇ ಪರಿಚಯ ಮಾಡಿಕೊಡುವಾಗ ಅರ್ಧಕ್ಕೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಗಿಡಕ್ಕಾದರೂ ಆ ಹೆಸರು ಅಂಟಿಕೊಂಡರೆ ಸಾಕಿತ್ತು.

ನರ್ಸರಿಯವನಿಗೆ ಫೋನು ಮಾಡಿದಾಗ, ಊರಿಗೆಲ್ಲ ಒಂದೇ ಗಂಡು ಹೂ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕಿಟಕಿಯಲ್ಲಿದೆ, ಅದೂ ಇವತ್ತೋ ನಾಳೆಯೋ ಉದುರುತ್ತದೆ ಎಂದು ಗೊತ್ತಾಯಿತು. ಹೂವಿಗಾಗಿ ರಜೆ ಕೇಳಲು ನಾಚಿಕೆಯಾಗಿ, ಗುಮಾಸ್ತ ಕೆನ್ನೆಗೆ ಕೈಯಿಟ್ಟುಕೊಂಡು ಸಾಹೇಬರ ಮುಂದೆ ಹಲ್ಲುನೋವೆಂದ.

ಸಾಹೇಬರಿಗೆ ಎಂದೂ ಇಲ್ಲದ ಕರುಣೆ ಉಕ್ಕಿತು. ಬೇಡವೆಂದರೂ ಕೇಳದೆ ತಮ್ಮ ಕಾರಿನಲ್ಲೇ ಕರೆದೊಯ್ದು ಕುರ್ಚಿಯ ಪಕ್ಕದಲ್ಲೇ ನಿಂತರು. ಯಾವ ಹಲ್ಲು ಎಂದು ಡಾಕ್ಟರು ಕೇಳಿದಾಗ ಗುಮಾಸ್ತ ವಿಧಿಯಿಲ್ಲದೆ ಒಂದು ಗಟ್ಟಿಮುಟ್ಟಾದ ದವಡೆ ಹಲ್ಲು ತೋರಿಸಿದ.

"ಇದು ಚೆನ್ನಾಗೇ ಇದೆಯಲ್ಲ," ಎಂದರು ಡಾಕ್ಟರು.

"ಮೇಲೆ ಹಾಗೆ ಕಾಣತ್ತೆ ಡಾಕ್ಟ್ರೇ, ಒಳಗೆ ಹುಳುಕಿರತ್ತೆ. ನಂದೂ ಹಾಗೇ ಇತ್ತು. ಕಿತ್ತುಬಿಡಿ," ಎಂದರು ಸಾಹೇಬರು. ಗುಮಾಸ್ತ ನರಳಿ ಒಪ್ಪಿಗೆ ಕೊಟ್ಟ.

ಹಲ್ಲು ಹೋಯಿತು, ಆ ಜಾಗಕ್ಕೆ ಹತ್ತಿ ಬಂತು. ಸಂಜೆವರೆಗೆ ಮಾತಾಡಕೂಡದೆಂದು ಅಪ್ಪಣೆಯಾಯಿತು. ಆಗ ಗುಮಾಸ್ತ ಕಿಟಕಿಯತ್ತ ಬೆರಳು ತೋರಿಸಿ, ಮೊಬೈಲಿನಲ್ಲಿದ್ದ ತನ್ನ ಹೂವಿನ ಫೋಟೋ ಡಾಕ್ಟರ ಮುಂದೆ ಹಿಡಿದ. ಡಾಕ್ಟರ ಮುಖ ಅರಳಿತು. ಹಳದಿ ಪರಾಗವನ್ನು ಕಾಗದಕ್ಕೆ ಉದುರಿಸಿ ಪೊಟ್ಟಣ ಕಟ್ಟಿಕೊಟ್ಟು, ಸಂಜೆ ತಾವೂ ಹೆಣ್ಣು ನೋಡಲು ಬರುವುದಾಗಿ ಹೇಳಿದರು.

ಕಾರಿಗೆ ಬಂದ ಮೇಲೆ ಸಾಹೇಬರು ಕೆಂಡಾಮಂಡಲವಾದರು. ಸುಳ್ಳು ಹೇಳಿದ್ದಕ್ಕೆ ಮೆಮೋ ಕೊಡುತ್ತೇನೆ, ಇದರಿಂದ ನಿಮಗೇನು ಸಿಗುತ್ತದೆ ಎಂದು ಗದರಿದರು. ಗುಮಾಸ್ತ ಹೊಸ ತಳಿಯ ಹೆಸರಿನ ವಿಷಯ ಟೈಪು ಮಾಡಿ ತೋರಿಸಿದ. ಸಾಹೇಬರ ದನಿ ಮೆತ್ತಗಾಯಿತು.

"ನನ್ನ ಹೆಸರಿಡಿ. ಮೆಮೋ ಮರೆತುಬಿಡ್ತೀನಿ."

ಹತ್ತಿ ತುಂಬಿದ ಬಾಯಲ್ಲಿ ವಾದ ಮಾಡುವುದು ಹೇಗೆ? ಗುಮಾಸ್ತ ತಲೆಯಾಡಿಸಿದ.

ಸಾಹೇಬರೂ ಜೊತೆಗೇ ಮನೆಗೆ ಬಂದರು. ಅಲ್ಲಿ ಗಿಡ ಎತ್ತರದ ಕೊಕ್ಕೆಗೆ ನೇತಾಡುತ್ತಿತ್ತು. ಸ್ಟೂಲಿದ್ದದ್ದು ಕೆಳಮನೆಯ ಆಂಟಿಯ ಬಳಿ. ಸಾಹೇಬರಿಂದ ಸುದ್ದಿ ತಿಳಿದ ಅವರು ಮೊಮ್ಮಗನ ಹೆಸರಿಟ್ಟರೆ ಮಾತ್ರ ಸ್ಟೂಲು ಎಂದರು. ಗುಮಾಸ್ತ ಮತ್ತೆ ತಲೆಯಾಡಿಸಿದ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಇಷ್ಟು ವರ್ಷ ನೊಣಗಳ ಜೊತೆ ಸಂಸಾರ ಮಾಡಿದ್ದು ನಾನು. ಬೇರೆ ಯಾರ ಹೆಸರಾದ್ರೂ ಇಟ್ರೆ ಗಿಡವೂ ಬೀದಿಗೆ, ನೀವೂ ಬೀದಿಗೆ."

ಅದಕ್ಕೂ ತಲೆಯಾಡಿಸಿದ. ಮೊದಲು ಬೀಜ ಕಟ್ಟಲಿ, ಆಮೇಲೆ ಗುಟ್ಟಾಗಿ ತನ್ನ ಹೆಸರೇ ಇಟ್ಟರಾಯಿತು ಎಂದು ಸಮಾಧಾನ ಮಾಡಿಕೊಂಡು ಸ್ಟೂಲು ಹತ್ತಿದ.

ಸ್ಟೂಲಿನ ಸುತ್ತ ನಿಂತ ಮೂವರಿಗೂ ಪರಸ್ಪರ ಗುಟ್ಟು ತಿಳಿಯಲು ತಡವಾಗಲಿಲ್ಲ. ಸಾಹೇಬರು ಮೆಮೋ ಎಂದರು, ಹೆಂಡತಿ ಬೀದಿ ಎಂದಳು, ಆಂಟಿ ತಮ್ಮ ಸ್ಟೂಲನ್ನೇ ಎಳೆಯತೊಡಗಿದರು. ಗುಮಾಸ್ತ ಒಂದು ಕೈಯಲ್ಲಿ ಕೊಕ್ಕೆಗೆ ಜೋತುಬಿದ್ದು, ಇನ್ನೊಂದು ಕೈಯಲ್ಲಿ ಕುಂಚ ಹಿಡಿದು, ಹೇಗೋ ಎಲ್ಲ ಹೂಗಳಿಗೂ ಪರಾಗ ಸವರಿ ಮುಗಿಸಿದ. ಅಷ್ಟರಲ್ಲಿ ಡಾಕ್ಟರು ಬಂದರು. ಹೂಗೊಂಚಲು ನೋಡಿ, ಬೀಜ ಖಂಡಿತ ಕಟ್ಟುತ್ತದೆ ಎಂದು ಬೆನ್ನು ತಟ್ಟಿ, ಜಗಳ ಯಾಕೆಂದು ಕೇಳಿದರು. ಮೂವರೂ ಒಟ್ಟಿಗೇ ಹೇಳಿದರು.

"ಹೆಸರಾ? ಅದು ಯಾವತ್ತೋ ಆಗಿಹೋಗಿದೆ," ಎಂದರು ಡಾಕ್ಟರು. "ಇದೇ ಎರಡು ಜಾತಿ ಸೇರಿಸಿ ಯಾರೋ ಒಬ್ರು ನಾವು ಹುಟ್ಟೋಕೂ ಮುಂಚೆ ತಳಿ ಮಾಡಿದಾರೆ. ಮತ್ತೆ ಯಾರು ಮಾಡಿದ್ರೂ ಅದೇ ಹೆಸರು. ಅವರ ನಾಯೀದು. ಟಿಂಕು."

ಮೊದಲು ನಕ್ಕವಳು ಹೆಂಡತಿ. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಗುಮಾಸ್ತನೊಬ್ಬನನ್ನು ಬಿಟ್ಟು. ಅವನಿಗೆ ಅಳುವೇ ಬಂದಿತ್ತು.

ಮೆಟ್ಟಿಲಿಳಿಯುತ್ತಿದ್ದ ಸಾಹೇಬರು ಏನೋ ಹೇಳಲು ತಿರುಗಿ, ಎಂದಿನಂತೆ ಹೆಸರಿಗಾಗಿ ತಡಕಾಡಿದರು. ಈ ಸಲ ಥಟ್ಟನೆ ಸಿಕ್ಕಿತು.

"ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ, ಟಿಂಕು ಅವರೇ."

ತುಸು ಹೊತ್ತಿಗೆ ಕೆಳಗಿನಿಂದ ಆಂಟಿ ಸ್ಟೂಲು ತಂದುಕೊಡೆಂದು ಅದೇ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು. ಎದುರು ಬಾಲ್ಕನಿಗಳಲ್ಲಿ ಜನ ಇಣುಕಿದರು. ಒಂದೇ ಸಲಕ್ಕೆ ಇಡೀ ಬೀದಿಗೆ ಅದು ಬಾಯಿಪಾಠವಾಯಿತು.