ಯಾರೂ ಒತ್ತದ ಕಾಲಿಂಗ್ ಬೆಲ್

ದೆವ್ವವನ್ನು ನಂಬದವನಿಗೆ ಒಂದು ತೊಂದರೆಯಿದೆ. ಮನೆಯಲ್ಲಿ ವಿಚಿತ್ರವಾದದ್ದೇನಾದರೂ ನಡೆದರೆ ತಪ್ಪು ಹೊರಿಸಲು ತನ್ನನ್ನು ಬಿಟ್ಟು ಬೇರೆ ಯಾರೂ ಸಿಗುವುದಿಲ್ಲ. ನಾನು ಫಿಸಿಕ್ಸ್ ಎಂ.ಎಸ್ಸಿ. ಮಾಡಿದವನು. ಬೆಂಗಳೂರಿನ ಕೋಗಿಲು ಬಡಾವಣೆಯ ನಮ್ಮ ಮನೆಗೆ ಕಾಲಿಂಗ್ ಬೆಲ್ಲನ್ನು ಅಂಗಡಿಯಿಂದ ತರುವುದು ಅವಮಾನವೆನಿಸಿ, ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ ಇಟ್ಟು ನಾನೇ ಮಾಡಿದ್ದೆ. ಗೇಟಿನ ಗುಂಡಿಯಿಂದ ಹಾಲ್‌ವರೆಗೆ ಉದ್ದನೆಯ ವೈರು. ಹೋದ ವಾರದಿಂದ ಅದು ಮಧ್ಯಾಹ್ನ ಮೂರರ ಹೊತ್ತಿಗೆ ತಾನಾಗಿ ಹೊಡೆದುಕೊಳ್ಳತೊಡಗಿತು. ಹೋಗಿ ನೋಡಿದರೆ ಬೀದಿಯೇ ಖಾಲಿ. ಎದುರುಮನೆಯ ನಾಯಿ ಮಾತ್ರ ನಮ್ಮ ಗುಂಡಿಯನ್ನೇ ದಿಟ್ಟಿಸುತ್ತ ಮಲಗಿರುತ್ತಿತ್ತು.

"ಮತ್ತೆ ಶುರುವಾಯ್ತಾ?" ಎಂದಳು ಹೆಂಡತಿ ಸುಧಾ.

"ಮತ್ತೆ ಅಂದ್ರೆ?"

"ಮಳೆಗಾಲಕ್ಕೆ ಮುಂಚೆನೂ ಹಿಂಗೇ ಹೊಡ್ಕೊಳ್ತಿತ್ತಲ್ಲ. ನೀವೇ ಸರಿ ಮಾಡಿದ್ರಿ."

ನನಗೆ ಅಂಥ ನೆನಪೇ ಇರಲಿಲ್ಲ. "ಏನೇನೋ ಹೇಳ್ಬೇಡ" ಎಂದೆ. "ನನ್ನ ತಲೆ ಸರಿಯಾಗೇ ಇದೆ ಕಣ್ರೀ" ಎಂದಳು. ನನ್ನ ತಲೆಯ ಬಗ್ಗೆ ಏನೂ ಹೇಳಲಿಲ್ಲ. ಬೆಲ್ ಕೆಟ್ಟರೆ ಇನ್ನೊಂದು ಮಾಡಬಹುದು. ಮೊನ್ನೆ ಐವತ್ತೆಂಟು ತುಂಬಿದವನು ಇನ್ನೊಂದು ನೆನಪಿನ ಶಕ್ತಿಯನ್ನು ಎಲ್ಲಿಂದ ತರಲಿ? ಇಬ್ಬರಲ್ಲಿ ಯಾರು ಸರಿ ಎಂಬುದು ತೀರ್ಮಾನವಾಗಲೇಬೇಕಿತ್ತು.

ಮರುದಿನ ಆರ್.ಟಿ. ನಗರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ಸ್ನೇಹಿತ ನಜೀರ್ ಭಾಯ್ ಅವರನ್ನು ಕರೆಸಿದೆ. ನನ್ನ ಬಳಿ ಬೆಂಕಿಪೊಟ್ಟಣದಷ್ಟು ದೊಡ್ಡ, ಅಗ್ಗದ ಲಾಜಿಕ್ ಅನಲೈಸರ್ ಒಂದಿದೆ. ಜೇಡದ ಹಾಗೆ ಎಂಟು ವೈರಿನ ಕಾಲು ಚಾಚಿ ಕೂತು, ಯಾವ ಕ್ಷಣದಲ್ಲಿ ಯಾವ ಸಿಗ್ನಲ್ ಬಂತು ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆದು ತೋರಿಸುತ್ತದೆ. ಅದಕ್ಕೆ ಮರೆವಿಲ್ಲ. ಅದನ್ನು ಬೆಲ್ಲಿನ ವೈರಿಗೆ ಸಿಕ್ಕಿಸಿ ಇಬ್ಬರೂ ಕಾದು ಕೂತೆವು. ಮೂರು ಗಂಟೆ. ಬೆಲ್ ಹೊಡೆಯಿತು. ಗೇಟಿನಲ್ಲಿ ಯಾರೂ ಇಲ್ಲ. ಪರದೆಯ ಮೇಲೆ ಗೆರೆ ಮಾತ್ರ ಹಲ್ಲು ಕಿರಿಯಿತು. ಬೆರಳು ಒತ್ತಿದ್ದರೆ ಒಂದೇ ಒಂದು ಮೆಟ್ಟಿಲು ಕಾಣಬೇಕಿತ್ತು. ಇಲ್ಲಿ ಬಾಚಣಿಗೆಯಂತೆ ಸಾಲು ಹಲ್ಲುಗಳು.

"ಅರೆ ಸಾರ್, ಪಕ್ಕದ ಮನೆಯವರು ಈಗ ನೀರಿನ ಮೋಟರ್ ಹಾಕಿದ್ರು, ಸದ್ದು ಕೇಳ್ಸುತ್ತಲ್ಲ, ಅದರ ಕರೆಂಟಿನ ಗಲಾಟೆ ನಿಮ್ಮ ವೈರಲ್ಲಿ ಬಂತು" ಎಂದರು ನಜೀರ್ ಭಾಯ್. "ಗುಂಡಿ ಒತ್ತದೇ ಇದ್ದಾಗ ವೈರನ್ನ ಸುಮ್ನೆ ಹಿಡಿದಿಡೋಕೆ ಒಂದು ರೆಸಿಸ್ಟರ್ ಬೇಕು."

"ಹಾಕಿದ್ದೀನ್ರೀ!" ಹಾಕುವಾಗ ಸುಟ್ಟುಕೊಂಡ ಹೆಬ್ಬೆರಳಿನ ಕಲೆಯನ್ನೂ ತೋರಿಸಿದೆ.

ಅವರು ಡಬ್ಬಿ ಬಿಚ್ಚಿದರು. ರೆಸಿಸ್ಟರ್ ಇರಬೇಕಾದಲ್ಲಿ ಎರಡು ತೂತುಗಳು ನನ್ನನ್ನೇ ನೋಡುತ್ತಿದ್ದವು. "ಬೆರಳೇನೋ ಸುಟ್ಟಿದೆ ಸಾರ್, ರೆಸಿಸ್ಟರ್ ಎಲ್ಲಿ? ಮಳೆಗಾಲದ ತೇವವೇ ರೆಸಿಸ್ಟರಿನ ಕೆಲಸ ಮಾಡಿ ಇದು ತಾನೇ ಸುಮ್ಮನಾಗಿರುತ್ತೆ. ನೀವು ಸರಿ ಮಾಡಿದೆ ಅಂದ್ಕೊಂಡ್ರಿ" ಎಂದು ಬೆಸುಗೆಗೆ ಕೂತರು.

ಬಗ್ಗಿ ನೋಡಿದೆ, ತೂತುಗಳು ಖಾಲಿಯೇ. ಆದರೂ ಇವರದೂ ಊಹೆ ತಾನೇ ಎಂದುಕೊಂಡು, ಪರದೆಯ ಗೆರೆಯನ್ನು 'ಯಾರೂ ಒತ್ತಲಿಲ್ಲ' ಎಂಬ ಹೆಸರಿನಲ್ಲಿ ಉಳಿಸಹೊರಟೆ. ಈ ಹೆಸರಿನ ಫೈಲು ಆಗಲೇ ಇದೆ, ಅದರ ಜಾಗಕ್ಕೆ ಇದನ್ನು ಹಾಕಲೇ ಎಂದು ಕೇಳಿತು ಕಂಪ್ಯೂಟರ್. ಹಳೆಯದನ್ನು ತೆರೆದೆ. ಮಳೆಗಾಲಕ್ಕೆ ಮುಂಚಿನ ತಾರೀಖು, ಅದೇ ಮೂರು ಗಂಟೆ, ಅದೇ ಹಲ್ಲುಗಳು.

"ಏನ್ ಗೊತ್ತಾಯ್ತು? ಯಾರು ಸರಿ?" ಸುಧಾ ಕಾಫಿ ಹಿಡಿದು ಬರುತ್ತಿದ್ದಳು.

ನಾನು ವಿಜ್ಞಾನದ ವಿದ್ಯಾರ್ಥಿ. ಸಾಕ್ಷ್ಯದ ಬೆಲೆ ಬಲ್ಲವನು. ತಕ್ಷಣ 'ಹೌದು' ಒತ್ತಿದೆ, ಹಳೆಯದು ಅಳಿಸಿಹೋಯಿತು. "ಇದೇ ಮೊದಲನೇ ಸಲ ಬಂದಿರೋ ತೊಂದರೆ ನೋಡು" ಎಂದೆ. ಆದರೆ ಹಾಗೆ ಅಳಿಸಿದ್ದು ಇದೇ ಮೊದಲನೇ ಸಲವೇ ಎಂದು ಯಾರಾದರೂ ಕೇಳಿದರೆ, ಆಣೆಯಿಟ್ಟು ಹೇಳಲಾರೆ.