ಗೋಡೆಯಿಲ್ಲದ ಅರಮನೆಯ ಗೃಹಪ್ರವೇಶ

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಷ್ಟು ಹಿಂದೆಯೆಂದರೆ, ಆಗ ಕೆಲವು ಮೇಸ್ತ್ರಿಗಳು ಹೇಳಿದ ದಿನವೇ ಕೆಲಸಕ್ಕೆ ಬರುತ್ತಿದ್ದರಂತೆ. ನಂಬುವುದು ಬಿಡುವುದು ಓದುಗ ಮಹಾಶಯರಿಗೆ ಸೇರಿದ್ದು. ಅಡಿಪಾಯಪುರವೆಂಬ ಆ ರಾಜ್ಯವನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಶಂಕುಸ್ಥಾಪನವರ್ಮ. ಅವನಿಗೆ ಗುದ್ದಲಿ ಪೂಜೆಯೆಂದರೆ ಪ್ರಾಣ, ಆಮೇಲಿನ ಕೆಲಸವೆಂದರೆ ಆಕಳಿಕೆ.

ಈ ಮಹಾರಾಜ ತಾತನ ಕಾಲದ ಅರಮನೆಯನ್ನು ಕೆಡವಿಸಿ ಹೊಸದು ಕಟ್ಟಿಸಲು ಹೊರಟ. ಅಲ್ಲಿಯವರೆಗೆ ಇರಲು ಮನೆ ಬೇಕಲ್ಲ? ಮಡಕೆ ಮಾರುವ ತಿಪ್ಪಕ್ಕನ ಮನೆ ಗಟ್ಟಿಮುಟ್ಟಾಗಿದೆಯೆಂದು ದೂತರು ವರದಿ ಕೊಟ್ಟರು. ಗಟ್ಟಿಯಾಗದೆ ಏನು? ಒಂದೊಂದು ಇಟ್ಟಿಗೆ ಇಡುವಾಗಲೂ ಅವಳು ಎದುರಿಗೇ ನಿಂತಿದ್ದಳು, ಗೋಡೆಗೆ ಇಪ್ಪತ್ತೊಂದು ದಿನ ತಾನೇ ನೀರು ಹೊತ್ತು ಹಾಕಿದ್ದಳು. "ಮೂರೇ ತಿಂಗಳು ತಿಪ್ಪಕ್ಕ," ಎಂದು ಮಹಾಮಂತ್ರಿ ಅಹುದಪ್ಪ ಕೈ ಮುಗಿದ. ರಾಜ ಒಳಗೆ ಬಂದ, ತಿಪ್ಪಕ್ಕ ಜಗುಲಿಗೆ ಬಂದಳು. ಹೀಗೆ ಮೂರು ವರ್ಷವಾಯಿತು.

ಅರಮನೆಯ ಗುತ್ತಿಗೆ ಮೇಸ್ತ್ರಿ ಚನ್ನಿಗಪ್ಪನದು. ಅವನು ಒಮ್ಮೆಗೇ ಹನ್ನೊಂದು ಕಟ್ಟಡ ಒಪ್ಪಿಕೊಂಡು ಒಂದೊಂದು ಕಡೆಯೂ ಗಾರೆ ಹೊರುವ ಒಂದೊಂದು ಬಾಣಲಿ ಇಟ್ಟು ಬರುತ್ತಿದ್ದ. ಬಾಣಲಿ ಕಂಡವರು ಕೆಲಸ ನಡೆಯುತ್ತಿದೆ ಎಂದುಕೊಳ್ಳುತ್ತಿದ್ದರು. ಅರಮನೆಯ ನಿವೇಶನದಲ್ಲಿ ಎದ್ದು ನಿಂತದ್ದು ಚೌಕಟ್ಟು ಸಮೇತ ತೇಗದ ಬಾಗಿಲೊಂದೇ. ಏಕೆಂದರೆ ಬಾಗಿಲು ನಿಲ್ಲಿಸುವುದಕ್ಕೆ ಪೂಜೆಯಿತ್ತು. ಗೋಡೆಗೆ ಪೂಜೆಯಿರಲಿಲ್ಲ.

"ಎಲೈ ಚನ್ನಿಗಪ್ಪನೇ, ನಮ್ಮ ಪ್ರಾಸಾದವು ಎಲ್ಲಿಗೆ ಬಂತು?" ಎಂದು ರಾಜ ತಿಪ್ಪಕ್ಕನ ಪಡಸಾಲೆಯಲ್ಲಿ ಕೂತು ಕೇಳಿದ.

"ಎಲ್ಲಾ ಮುಗೀತು ಬುದ್ಧಿ. ಫಿನಿಶಿಂಗ್ ಒಂದೇ ಬಾಕಿ."

"ಫಿನಿಶಿಂಗ್ ಎಂದರೆ?"

"ಗೋಡೆ, ತಾರಸಿ, ನೆಲ."

"ಆಹಾ, ಎಂಥ ಪಾರದರ್ಶಕತೆ ಮಹಾಪ್ರಭು! ಎಲ್ಲಿ ನಿಂತರೂ ಎಲ್ಲವೂ ಕಾಣುತ್ತದೆ," ಎಂದ ಅಹುದಪ್ಪ.

ಜಗುಲಿಯಲ್ಲಿದ್ದ ತಿಪ್ಪಕ್ಕನಿಗೆ ತಡೆಯಲಾಗಲಿಲ್ಲ. "ಬುದ್ಧಿ, ದಿನಾ ಬೆಳಿಗ್ಗೆ ಹೋಗಿ ಅಲ್ಲೇ ಒಂದು ಕಲ್ಲಿನ ಮ್ಯಾಲೆ ಕುಂತ್ಕಳಿ. ಯಜಮಾನ ಕಣ್ಣೆದುರಿಗೆ ಇದ್ರೇನೇ ಕೆಲ್ಸ ಸಾಗಾದು."

ರಾಜನಿಗೆ ಮಾತು ಹಿಡಿಸಿತು. ಕೂಡಲೇ 'ಕಲ್ಲಿನ ಮೇಲೆ ಕೂರುವ ಉನ್ನತ ಮಟ್ಟದ ಸಮಿತಿ' ರಚನೆಯಾಯಿತು. ಸದಸ್ಯರು ಹದಿನಾಲ್ಕು ಮಂದಿ, ಇದ್ದ ಕಲ್ಲು ಒಂದು. ಉಳಿದ ಹದಿಮೂರು ಕಲ್ಲು ಒದಗಿಸುವ ಗುತ್ತಿಗೆಯನ್ನೂ ಚನ್ನಿಗಪ್ಪನಿಗೇ ಕೊಟ್ಟರು. ಕಲ್ಲು ಬರುವವರೆಗೆ ಸಮಿತಿ ತಿಪ್ಪಕ್ಕನ ಹಿತ್ತಿಲಲ್ಲಿ ಬೀಡುಬಿಟ್ಟಿತು.

ಕೊನೆಗೆ ಅಹುದಪ್ಪ ಬ್ರಹ್ಮಾಸ್ತ್ರ ತೆಗೆದ. "ಮಹಾಪ್ರಭು, ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟುಬಿಡೋಣ. ಆಮಂತ್ರಣ ಪತ್ರಿಕೆ ಅಚ್ಚಾದ ಮೇಲೆ ಯಾವ ಮೇಸ್ತ್ರಿಯಾದರೂ ಓಡಿ ಬರಲೇಬೇಕು." ಇದನ್ನು ಕೇಳಿ ತಿಪ್ಪಕ್ಕನಿಗೂ ಆಸೆ ಚಿಗುರಿತು. ಇನ್ನೇನು ತನ್ನ ಒಲೆ ತನಗೆ ಎಂದು ಹಿಗ್ಗಿ, ಗೃಹಪ್ರವೇಶಕ್ಕೆ ಉಡುಗೊರೆ ಕೊಡಲು ಒಳ್ಳೆಯದೊಂದು ಮಡಕೆ ಆರಿಸಿಟ್ಟಳು.

ಮುಹೂರ್ತದ ದಿನ ಚನ್ನಿಗಪ್ಪ ಓಡಿಯೇ ಬಂದ. ರೇಷ್ಮೆ ಪಂಚೆಯುಟ್ಟು ಬಂದ, ಅವನಿಗೂ ಪತ್ರಿಕೆ ತಲುಪಿತ್ತು. ಬಯಲಲ್ಲಿ ಒಂಟಿಯಾಗಿ ನಿಂತಿದ್ದ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಪುರೋಹಿತರು ಹಾಲುಕ್ಕಿಸಲು ಒಲೆ ಹೂಡಿದರೆ, ಬಯಲ ಗಾಳಿಗೆ ಉರಿ ನಿಲ್ಲಲೊಲ್ಲದು. ಮುಹೂರ್ತ ಮೀರುತ್ತಿತ್ತು. ಸಮಿತಿಯ ಹದಿನಾಲ್ಕು ಜನ ಸುತ್ತ ನಿಂತು ಸೆರಗಿನಂತೆ ಶಲ್ಯ ಹಿಡಿದರೂ ಆಗಲಿಲ್ಲ.

"ಮಹಾಪ್ರಭು!" ಅಹುದಪ್ಪ ಕೂಗಿದ. "ಹಾಲುಕ್ಕಿದ ಕಡೆಯೇ ಮನೆಯಲ್ಲವೇ? ಹಾಗಾದರೆ ತಾವು ಎಲ್ಲಿ ಹಾಲುಕ್ಕಿಸುತ್ತೀರೋ ಅದೇ ಅರಮನೆ!"

ದಂಡು ತಿಪ್ಪಕ್ಕನ ಅಡುಗೆಮನೆಗೆ ನುಗ್ಗಿತು. ಅವಳ ಒಲೆಯಲ್ಲಿ, ಅವಳದೇ ಮಡಕೆಯಲ್ಲಿ ಹಾಲು ಉಕ್ಕಿತು. ಅಲ್ಲಿಗೆ ಅರಮನೆ ಸಕಾಲದಲ್ಲಿ ಪೂರ್ಣಗೊಂಡಿತೆಂದು ರಾಜಾಜ್ಞೆ ಹೊರಟಿತು. ಚನ್ನಿಗಪ್ಪನಿಗೆ ಶಾಲು, ಪೇಟ, 'ಸಕಾಲ ನಿರ್ಮಾಣ ಸಾರ್ವಭೌಮ' ಎಂಬ ಬಿರುದು ಸಂದವು. ಕಟ್ಟಿದವರು ಚನ್ನಿಗಪ್ಪ ಎಂದು ಕೆತ್ತಿದ ಕಲ್ಲನ್ನು ತಿಪ್ಪಕ್ಕನ ಗೋಡೆಗೆ ಕೂರಿಸಿದರು. ಆ ಒಂದು ಕಲ್ಲು ಮಾತ್ರ ಹೇಳಿದ ಹೊತ್ತಿಗೆ ಬಂದಿತ್ತು.

ತಿಪ್ಪಕ್ಕ ಜನರನ್ನು ತಳ್ಳಿಕೊಂಡು ರಾಜನ ಎದುರಿಗೆ ಬಂದು ನಿಂತಳು. "ಬುದ್ಧಿ, ಇದು ನನ್ನ ಮನೆ! ಈ ಗ್ವಾಡೆಗೆ ನೀರು ಹೊತ್ತೋಳು ನಾನು!"

ರಾಜ ಕರಗಿಹೋದ. "ನೋಡಿದಿರಾ ಮಂತ್ರಿಗಳೇ! ಸಾಮಾನ್ಯ ಪ್ರಜೆಯೂ ಅರಮನೆಯನ್ನು ತನ್ನದೆಂದು ಭಾವಿಸುವಳು. ಸುಶಾಸನವೆಂದರೆ ಇದೇ."

ಚಪ್ಪಾಳೆ ನಿಲ್ಲುವ ಮೊದಲೇ ಅವಳ ಕೈಗೆ ನೋಟೀಸು ಬಂತು. ಅರಮನೆಯ ಜಗುಲಿಯನ್ನು ಮೂರು ವರ್ಷದಿಂದ ಒತ್ತುವರಿ ಮಾಡಿಕೊಂಡಿದ್ದಾಳೆ, ಇಂದೇ ತೆರವು ಮಾಡತಕ್ಕದ್ದು. ಮಾನವೀಯ ದೃಷ್ಟಿಯಿಂದ ಆಕೆಗೆ ಅರಮನೆಯ ಹಳೆಯ ನಿವೇಶನದಲ್ಲಿ ಪುನರ್ವಸತಿ ಕಲ್ಪಿಸಲಾಗಿದೆ.

ತಿಪ್ಪಕ್ಕ ಚಾಪೆ ಸುತ್ತಿಕೊಂಡು ಬಯಲಿಗೆ ಹೋದಳು. ಬಾಗಿಲಿಗೆ ಬೀಗ ಹಾಕಿತ್ತು, ಪಕ್ಕದಲ್ಲಿ ಪಹರೆಯವನಿದ್ದ.

"ಬೀಗದಕೈ ಮೇಸ್ತ್ರಿ ಹತ್ರ ಐತೆ ಕಣಕ್ಕ. ಅವ್ರು ಬರಬೇಕು."

"ಆಚೆಗೂ ಈಚೆಗೂ ಗ್ವಾಡೇನೇ ಇಲ್ವಲ್ಲಪ್ಪ, ಬಳಸ್ಕೊಂಡು ಹೋಯ್ತೀನಿ."

"ಬಾಗಿಲು ಬಿಟ್ಟು ಬೇರೆ ಕಡೆಯಿಂದ ಬಂದ್ರೆ ಕನ್ನಗಳ್ಳತನದ ಕೇಸು ಹಾಕ್ಬೇಕಾಯ್ತದೆ."

ಅವಳು ಬಾಗಿಲ ಮುಂದೆ ಚಾಪೆ ಹಾಸಿ ಕೂತಳು. ಆ ವಾರವೇ ಹದಿನಾಲ್ಕು ಮಂದಿ ಸಮಿತಿ ಸದಸ್ಯರೂ ತಮ್ಮ ತಮ್ಮ ಹೊಸ ಮನೆಗಳಿಗೆ ಮುಹೂರ್ತ ಇಟ್ಟರು, ತಿಪ್ಪಕ್ಕನ ಬೀದಿಯ ಹದಿನಾಲ್ಕು ಮನೆಗಳ ಒಲೆಗಳ ಮೇಲೆ ಹಾಲು ಉಕ್ಕಿತು. ತಿಪ್ಪಕ್ಕ ಹಿಂದಿರುಗಿ ನೋಡಿದಾಗ ನೆರೆಹೊರೆಯವರೆಲ್ಲ ಚಾಪೆ ಹಿಡಿದು ಅವಳ ಬೆನ್ನ ಹಿಂದೆ ಸಾಲಾಗಿ ನಿಂತಿದ್ದರು.