ಆಯುಧಪೂಜೆಯ ಮರುದಿನ ಮುಷ್ಕರ ಹೂಡಿದ ಲ್ಯಾಪ್‌ಟಾಪು

ಕಣ್ಣಿಗೆ ಕಾಣದ್ದನ್ನು ನಂಬಿಸಿ ಹೊಟ್ಟೆ ಹೊರೆಯುವವರಲ್ಲಿ ಜ್ಯೋತಿಷಿಗಳು ಮೊದಲಿಗರು, ಫಿಸಿಕ್ಸ್ ಮೇಷ್ಟ್ರುಗಳು ಎರಡನೆಯವರು. ನಾನು ಎರಡನೆಯ ಪಂಗಡದವನು. ಹದಿನೆಂಟು ವರ್ಷ ವಿದ್ಯುತ್ಕಾಂತೀಯ ಅಲೆಗಳನ್ನು ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬಳುಕಿಸಿದ್ದೇನೆ. ಆದರೆ ದುರ್ಗಿಗುಡಿಯ ನಮ್ಮ ಮನೆಗೆ ಮೋಡೆಮ್ ಬಂದು, ನಡುವೆ ಒಂದೆಳೆ ದಾರವೂ ಇಲ್ಲದೆ, ಗೋಡೆ ದಾಟಿ ಒಳಕೋಣೆಯ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿದ ದಿನ ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದೆಲ್ಲ ನಿಜವೇ ಆಗಿತ್ತಲ್ಲ ಎಂಬ ಬೆರಗು ಅದು. ಕಾಲೇಜಿನಲ್ಲಿ ಇದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಆ ಲ್ಯಾಪ್‌ಟಾಪು ಸಹೋದ್ಯೋಗಿಯೊಬ್ಬರು ಹೊಸದನ್ನು ಕೊಂಡಾಗ ನಮಗೆ ದಾಟಿಸಿದ್ದು. ದಪ್ಪವೆಂದರೆ ನಿಘಂಟಿನ ದಪ್ಪ. ವೈರು ಚುಚ್ಚುವ ಕಿಂಡಿ ಅವರ ಕಾಲದಲ್ಲೇ ಸತ್ತಿತ್ತು, ಹಾಗಾಗಿ ಇಂಟರ್ನೆಟ್ಟು ಬರುವುದಾದರೆ ಗಾಳಿಯಲ್ಲೇ ಬರಬೇಕು. ಎರಡು ಸಾವಿರದ ಎಂಟರ ಆಯುಧಪೂಜೆಯವರೆಗೂ ಬರುತ್ತಿತ್ತು. ಮರುದಿನ ವಿಜಯದಶಮಿಯ ಬೆಳಿಗ್ಗೆ ನಿಂತುಹೋಯಿತು.

ನಿಲ್ಲಲು ಅದು ಆರಿಸಿಕೊಂಡ ದಿನ ನೋಡಿ. ನನ್ನ ಹೆಂಡತಿ ಗಿರಿಜಾ ಮದುವೆಗೆ ಮೊದಲೇ ಬಿ.ಎಡ್. ಮುಗಿಸಿದವಳು. ಮಕ್ಕಳು, ನಮ್ಮಮ್ಮನ ಕಾಯಿಲೆ, ನನ್ನ ವರ್ಗಾವಣೆ ಎಂದು ಹನ್ನೆರಡು ವರ್ಷ ಕಳೆದಿತ್ತು. ವಯಸ್ಸಿನ ಮಿತಿಯೊಳಗೆ ಟೀಚರ್ ಕೆಲಸಕ್ಕೆ ಅರ್ಜಿ ಹಾಕಲು ಅವಳಿಗೆ ಉಳಿದಿದ್ದು ಅದೊಂದೇ ಸಲ. ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕು. ಕಂಪ್ಯೂಟರಿಗೇನು ರಜೆಯೇ ಎಂದುಕೊಂಡ ಯಾರೋ ಪುಣ್ಯಾತ್ಮರು ಹಬ್ಬದ ದಿನದ ಸಂಜೆ ಐದು ಗಂಟೆಯನ್ನೇ ಕೊನೆಯ ಗಳಿಗೆ ಮಾಡಿದ್ದರು. ವಾರದ ಹಿಂದೆಯೇ ಕಳಿಸಿಬಿಡೋಣ ಎಂದವಳು ಗಿರಿಜಾ, ಆಯುಧಪೂಜೆಯ ಗಲಾಟೆ ಮುಗಿಯಲಿ ಎಂದವನು ನಾನು. ಈಗ ನೋಡಿದರೆ ಊರಿನ ಸೈಬರ್ ಸೆಂಟರುಗಳೆಲ್ಲ ಚೆಂಡುಹೂವಿನ ಹಾರ ಹಾಕಿಕೊಂಡು ಬಾಗಿಲು ಮುಚ್ಚಿದ್ದವು.

ನಾನು ಬೆಳಿಗ್ಗೆಯಿಂದ ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಆರಿಸಿ ಹಚ್ಚಿದೆ, ಹಚ್ಚಿ ಆರಿಸಿದೆ. ಮೋಡೆಮ್ಮಿನ ದೀಪಗಳೆಲ್ಲ ಹಸಿರಾಗಿ ಮಿನುಗುತ್ತಿದ್ದವು, ಲ್ಯಾಪ್‌ಟಾಪು ಮಾತ್ರ ಹತ್ತಿರದಲ್ಲಿ ಯಾವ ಸಂಪರ್ಕವೂ ಇಲ್ಲವೆಂದು ಸಾಧಿಸುತ್ತಿತ್ತು. ಅದನ್ನು ಮಗುವಿನಂತೆ ಎತ್ತಿಕೊಂಡು ತಾರಸಿಗೂ ಹೋಗಿಬಂದೆ. ಕೊನೆಗೆ, ಊರಾಚೆಯ ರಾಗಿಗುಡ್ಡದ ಬಂಡೆಗಳು ಅಲೆಗಳನ್ನು ತಡೆಯುತ್ತಿರಬಹುದು ಎಂಬ ಸಿದ್ಧಾಂತ ಮಂಡಿಸಿದೆ. ಮೋಡೆಮ್ಮು ನಮ್ಮ ನಡುಮನೆಯಲ್ಲೇ ಇದೆಯಲ್ಲ, ಮಧ್ಯೆ ರಾಗಿಗುಡ್ಡ ಎಲ್ಲಿಂದ ಬಂತು ಎಂದು ಗಿರಿಜಾ ಮೆತ್ತಗೆ ಕೇಳಿದಳು. ಸೋತವನಿಗೆ ಸಿಟ್ಟು ಬೇಗ ಬರುತ್ತದೆ. "ನೀನೇ ಗುಡಿಸೋವಾಗ ಏನೋ ಒತ್ತಿದೀಯ" ಎಂದುಬಿಟ್ಟೆ. ಅವಳು ಎದ್ದು ಅಡುಗೆಮನೆಗೆ ಹೋದಳು.

ಮೂರು ಗಂಟೆಗೆ ಮಾವನವರು ಬನ್ನಿಪತ್ರೆ ಕೊಡಲು ಭದ್ರಾವತಿಯಿಂದ ಬಂದರು. ನ್ಯೂ ಟೌನಿನವರು, ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೆಂಟೆನೆನ್ಸ್ ಫೋರ್‌ಮನ್ ಆಗಿದ್ದವರು. ಕಂಪ್ಯೂಟರನ್ನು ಜೀವಮಾನದಲ್ಲಿ ಮುಟ್ಟಿದವರಲ್ಲ. ಮಗಳ ಮುಖ ನೋಡಿ ಸಮಾಚಾರ ತಿಳಿದುಕೊಂಡರು, ಬಂದು ನನ್ನ ಪಕ್ಕ ಕೂತರು. ನಾನು ಅಲೆಗಳ ಆವರ್ತನದಿಂದ ವಿವರಿಸಲು ಹೊರಟೆ. ಅವರು ಕೈ ಎತ್ತಿ ತಡೆದರು.

"ಅದೆಲ್ಲ ಇರ್ಲಿ ಅಳಿಯಂದ್ರೇ. ಕಡೇ ಸಲ ಓಡಿದ್ದು ಯಾವಾಗ?"

ನಿನ್ನೆ ಬೆಳಿಗ್ಗೆ ಎಂದೆ.

"ಆಮೇಲೆ ಇದಕ್ಕೆ ಏನೇನಾಯ್ತು?"

ಏನೂ ಆಗಿಲ್ಲ, ಮುಚ್ಚಿಟ್ಟು ಪೂಜೆ ಮಾಡಿದ್ದಷ್ಟೇ ಎಂದೆ. ಮಾವನವರು ಲ್ಯಾಪ್‌ಟಾಪನ್ನು ಮುಟ್ಟಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. ನಾನು ಬೆಳಿಗ್ಗೆಯಿಂದ ಅದರ ಪರದೆಯನ್ನು ಮಾತ್ರ ನೋಡಿದ್ದೆ. ಅವರು ಪರದೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ನೋಡಿದರು. ಮುಂದಿನ ಅಂಚಿನ ಹತ್ತಿರ ನಿಂತರು.

ಅಲ್ಲಿ ವಿಭೂತಿಯ ಮೂರು ಪಟ್ಟೆಗಳಿದ್ದವು. ನಮ್ಮದು ಶಿವನ ಒಕ್ಕಲು, ಆಯುಧಪೂಜೆಯಲ್ಲಿ ಸ್ಕೂಟರಿನಿಂದ ಈಳಿಗೆಮಣೆಯವರೆಗೆ ಎಲ್ಲಕ್ಕೂ ವಿಭೂತಿ ಬೀಳುತ್ತದೆ. ಲ್ಯಾಪ್‌ಟಾಪಿನ ಮುಚ್ಚಳ ನುಣುಪು, ಬೂದಿ ನಿಲ್ಲುವುದಿಲ್ಲ. ಅದಕ್ಕೇ ಅಂಚಿಗೆ ಮೂರು ಬೆರಳು ಒತ್ತಿ ಎಳೆದದ್ದು. ಆ ಪಟ್ಟೆಗಳ ನಡುವೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಅತ್ತಿತ್ತ ಜಾರುವ ಗುಂಡಿಯೊಂದು ಇತ್ತು. ಅಂಥದ್ದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ಇದರ ಎಡಗಡೆ ಬೂದಿ ಗುಡ್ಡೆಯಾಗಿದೆ, ಬಲಗಡೆ ಚೊಕ್ಕ ಇದೆ" ಎಂದರು ಮಾವ. "ಅಂದ್ರೆ ಎಡದಿಂದ ಬಂದ ಬೆರಳು ಇದನ್ನ ತಳ್ಕೊಂಡು ಹೋಗಿದೆ. ವಾಪಸ್ ತಳ್ಳಿ ನೋಡಿ."

ಉಗುರಿನಿಂದ ತಳ್ಳಿದೆ. ಪುಟ್ಟದೊಂದು ನೀಲಿ ದೀಪ ಹತ್ತಿತು. ಗಾಳಿಯ ಇಂಟರ್ನೆಟ್ಟಿಗೆ ಅದೇ ಸ್ವಿಚ್ಚು. ನೋಡುತ್ತಿದ್ದಂತೆ ಮೂಲೆಯಲ್ಲಿ ಸಂಪರ್ಕದ ಗೆರೆಗಳು ಒಂದೊಂದಾಗಿ ಎದ್ದುನಿಂತವು. ನನ್ನ ಮೈ ಜುಮ್ಮೆಂದಿತು. ಗೋಡೆ ದಾಟಿ ಬರುವ ಅಲೆಯೇ ದೊಡ್ಡ ಪವಾಡ ಎಂದುಕೊಂಡಿದ್ದೆ. ಚಿಟಿಕೆ ಬೂದಿಯನ್ನು ನೋಡಿ ಬೆರಳು ಯಾವ ಕಡೆಯಿಂದ ಬಂತೆಂದು ಹೇಳುವ ಈ ಎಪ್ಪತ್ತರ ಮನುಷ್ಯನೆದುರು ನನ್ನ ಎಂ.ಎಸ್ಸಿ. ತಲೆತಗ್ಗಿಸಿ ಕೂತಿತು.

ಮಾವನವರು ನನ್ನ ಬಲಗೈಯ ಮೂರು ಬೆರಳುಗಳನ್ನೊಮ್ಮೆ ನೋಡಿದರು. ನಮ್ಮ ಮನೆಯಲ್ಲಿ ಪೂಜೆ ಮಾಡುವವರು ಯಾರೆಂದು ಅವರಿಗೆ ಗೊತ್ತು.

"ಮಿಷಿನ್ ಓಡ್ತಿದೆ ಅಂದ್ಮೇಲೆ ಯಾರ ಕೈ ಅಂತ ಕಾರ್ಖಾನೇಲಿ ನಾವು ಕೇಳ್ತಿರ್ಲಿಲ್ಲ" ಎಂದು ಮೆಲ್ಲಗೆ ಹೇಳಿ, ಮಗಳನ್ನು ಕೂಗಿದರು. "ಬಾರವ್ವ, ನಿನ್ನ ಯಜಮಾನ್ರು ಸರಿ ಮಾಡಿದ್ರು."

ಗಿರಿಜಾ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿದಳು, ಹೆಸರನ್ನು ಎರಡೆರಡು ಸಲ ಓದಿದಳು. ಐದಕ್ಕೆ ಹನ್ನೊಂದು ನಿಮಿಷ ಇರುವಾಗ ಅರ್ಜಿ ಸ್ವೀಕೃತವಾಗಿದೆ ಎಂಬ ಸಾಲು ಬಂತು. ಅವಳ ಕಣ್ಣುಗಳು ತುಂಬಿದವು. ನನ್ನ ಕಡೆ ತಿರುಗಿ, "ಬೆಳಿಗ್ಗೆ ನಾನೇ ಏನೋ ಒತ್ಬಿಟ್ಟಿದ್ದೆ ಅನ್ಸುತ್ತೆ ಕಣ್ರೀ. ಬೇಜಾರ್ ಮಾಡ್ಕೋಬೇಡಿ" ಎಂದಳು.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗುತ್ತಿರಲಿಲ್ಲ. ಮಾವನವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಗಂಟಲು ಸರಿಮಾಡಿಕೊಂಡೆ. ದೊಡ್ಡ ಮನಸ್ಸು ಮಾಡಿ, "ಹೋಗ್ಲಿ ಬಿಡು" ಎಂದು ಅವಳನ್ನು ಕ್ಷಮಿಸಿದೆ.